ಧ್ವನಿಸುರುಳಿಯ ಒಡೆಯರು ಯಾರು?

ಶಿವರಾತ್ರಿಗೆ ಮುನ್ನ ಸತ್ಯಮಂಗಲದ ನಮ್ಮ ಮನೆಗೆ ಸುಣ್ಣಬಣ್ಣ ಮಾಡಿಸುವ ಸಲುವಾಗಿ ಅಟ್ಟವನ್ನು ಬರಿದು ಮಾಡಿಸುತ್ತಿದ್ದಾಗ, ತಗಡಿನ ಟ್ರಂಕೊಂದರಲ್ಲಿ ಅರವತ್ತಕ್ಕೂ ಮಿಕ್ಕಿ ಧ್ವನಿಸುರುಳಿಗಳು ದೊರೆತವು. ವಚನ ಗಾಯನ, ಗುರುರಾಜುಲು ನಾಯ್ಡು ಅವರ ಹರಿಕಥೆಗಳು, ಭಾವಗೀತೆಗಳು, ಇವುಗಳ ನಡುವೆ ನಮ್ಮ ತಮ್ಮನ ಕಾಲೇಜು ದಿನಗಳ ‘ಪ್ರೇಮಲೋಕ’. ಮೊಮ್ಮಗ ಒಂದನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, “ತಾತ, ಇವನ್ನೆಲ್ಲ ಯಾರು ಮಾಡ್ತಿದ್ರು?” ಎಂದು ಕೇಳಿದನು. ಹಾಡಿದವರ ಹೆಸರು ಹೇಳಬಲ್ಲವನಾಗಿದ್ದ ನನಗೆ, ಮಾಡಿದವರ ವಿಷಯವಾಗಿ ಒಡನೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಈ ಕುರಿತು ಓದಿ, ನೆನೆದು ಕಂಡುಕೊಂಡದ್ದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ನಮ್ಮ ದೇಶದಲ್ಲಿ ಧ್ವನಿಮುದ್ರಣದ ವ್ಯವಹಾರ ಆರಂಭವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಗ್ರಾಮಫೋನ್ ಕಂಪನಿಯ ಪರವಾಗಿ ಬಂದ ಫ್ರೆಡ್ ಗೈಸ್‌ಬರ್ಗ್ ಎಂಬವರು ಗೌಹರ್ ಜಾನ್ ಅವರ ಕಂಠವನ್ನು ತಟ್ಟೆಗೆ ಇಳಿಸಿದರು. 1908ರಲ್ಲಿ ಅಲ್ಲಿಯೇ ಕಾರ್ಖಾನೆಯೂ ತೆರೆಯಿತು. ಅಂದಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು ಮೂರೂವರೆ ನಿಮಿಷದ ಹಾಡು ಮಾತ್ರ. ಗುಬ್ಬಿಯ ಕಂಪನಿಯಂತಹ ನಾಟಕ ಮಂಡಲಿಗಳು ಇರುಳಿಡೀ ಹಾಡಿ ಆಡುತ್ತಿದ್ದ ಕಾಲದಲ್ಲಿ, ಮೂರು ನಿಮಿಷಕ್ಕೆ ಸಂಗೀತವನ್ನು ಕತ್ತರಿಸುವುದೆಂದರೆ ವಿದ್ವಾಂಸರಿಗೆ ಎಂತಹ ಸಂಕಟವಾಗಿರಬೇಕು! ಆದರೂ ಧಾರವಾಡ ಸೀಮೆಯ ಮಲ್ಲಿಕಾರ್ಜುನ ಮನಸೂರರು 1930ರ ದಶಕದಲ್ಲಿ ಎಚ್.ಎಂ.ವಿ.ಗಾಗಿ ತಟ್ಟೆಗಳನ್ನು ಹಾಡಿದರು, ಆ ಕಂಪನಿಯ ಸಂಗೀತ ನಿರ್ದೇಶಕರೂ ಆಗಿದ್ದರು. ಗಂಗೂಬಾಯಿ ಹಾನಗಲ್ಲರ ಆರಂಭದ ತಟ್ಟೆಗಳೂ ಆ ದಶಕದವೇ. ವಚನಗಳು ಖ್ಯಾಲ್ ಗಾಯಕರ ಕಂಠದಲ್ಲಿ ಮನೆಮನೆಯನ್ನು ಮುಟ್ಟುವುದಕ್ಕೆ ಮನಸೂರರಂತಹ ಹಿರಿಯರು ಹಾಕಿದ ಹಾದಿ ದೊಡ್ಡದು.

ಆದರೆ ತಟ್ಟೆ ಒತ್ತುವುದಕ್ಕೆ ಭಾರೀ ಯಂತ್ರ ಬೇಕು, ಕಾರ್ಖಾನೆ ಬೇಕು. ಅದು ಒಂದೆರಡು ದೊಡ್ಡ ಕಂಪನಿಗಳ ಕೈಯಲ್ಲಿತ್ತು. ಯಾವ ಭಾಷೆಯ ಯಾವ ಹಾಡು ಹೊರಬರಬೇಕೆಂಬ ತೀರ್ಮಾನ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ಆಗುತ್ತಿತ್ತೇ ವಿನಾ ಬೆಂಗಳೂರಿನಲ್ಲಲ್ಲ. ಈ ಕಟ್ಟನ್ನು ಒಡೆದದ್ದು ಫಿಲಿಪ್ಸ್ ಕಂಪನಿಯು 1963ರಲ್ಲಿ ಹೊರತಂದ ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆ. ನಾಲ್ಕು ಮಿಲಿಮೀಟರಿಗೂ ಕಿರಿದಾದ ಪಟ್ಟಿ, ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ಕಡಿಮೆ ವೇಗ, ಎರಡು ಮಗ್ಗುಲು ಸೇರಿ ಒಂದು ಗಂಟೆಯ ಹಾಡು. ಒಂದು ಮೂಲಸುರುಳಿ, ಅದರಿಂದ ಪ್ರತಿ ತೆಗೆಯುವ ಕೆಲವು ಯಂತ್ರಗಳು, ಒಂದು ಬಾಡಿಗೆಯ ಕೋಣೆ ಇದ್ದರೆ ಯಾರು ಬೇಕಾದರೂ ಪ್ರಕಾಶಕರಾಗಬಹುದಾಗಿತ್ತು.

1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಹೊರಬಂದಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಅದು ಹೆಸರಾಯಿತು. ಕವಿತೆ ಪುಸ್ತಕದಿಂದ ಇಳಿದು ಅಡುಗೆಮನೆಗೆ ಬಂದದ್ದು ಹಾಗೆ. ಮುಂದೆ ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಮೊದಲಾದವರ ಕಂಠಗಳು ಊರೂರಿಗೆ ಹಬ್ಬಿದವು. ಬೆಂಗಳೂರಿನಲ್ಲಿ ಎಪ್ಪತ್ತರ ದಶಕದಲ್ಲಿ ಜಿ. ಮನೋಹರ ನಾಯ್ಡು ಅವರು ಆರಂಭಿಸಿದ ‘ಲಹರಿ’ ಸಂಸ್ಥೆ ಇಂತಹ ಸ್ವತಂತ್ರ ಸಂಸ್ಥೆಗಳ ಪೈಕಿ ದೊಡ್ಡದಾಗಿ ಬೆಳೆಯಿತು. ಅವರ ಸೋದರ ವೇಲು ಅವರನ್ನು ನಾಡು ‘ಲಹರಿ ವೇಲು’ ಎಂದೇ ಗುರುತಿಸುತ್ತದೆ. ವ್ಯಕ್ತಿಯ ಹೆಸರಿಗೆ ಊರಿನ ಬದಲು ಅಂಗಡಿ ಅಂಟಿಕೊಂಡ ಅಪರೂಪದ ನಿದರ್ಶನವಿದು. 1987ರಲ್ಲಿ ರವಿಚಂದ್ರನ್ ಅವರ ‘ಪ್ರೇಮಲೋಕ’ಕ್ಕೆ ಹಂಸಲೇಖರು ಬರೆದು ಸ್ವರ ಹಾಕಿದ ಹಾಡುಗಳನ್ನು ಲಹರಿಯೇ ಹೊರತಂದಿತು. ಆ ವರ್ಷ ತುಮಕೂರಿನ ಬಿ.ಎಚ್. ರಸ್ತೆಯುದ್ದಕ್ಕೂ ನಡೆದು ಹೋದರೆ ಒಂದು ಅಂಗಡಿಯಲ್ಲಿ ತುಂಡಾದ ಹಾಡು ಮುಂದಿನ ಅಂಗಡಿಯಲ್ಲಿ ಪೂರ್ತಿಯಾಗುತ್ತಿತ್ತು. ನಮ್ಮಂತಹ ಹಿರಿಯರಿಗೆ ಅಂದು ಅದು ಗದ್ದಲವೆನಿಸಿತ್ತು. ಇಂದು ಹೇಳಬೇಕೆಂದರೆ, ಆ ಗದ್ದಲದ ಗಳಿಕೆಯ ಬಲದಿಂದಲೇ ಕಡಿಮೆ ಮಾರಾಟದ ವಚನ, ಹರಿಕಥೆ, ಜನಪದ ಗೀತೆಗಳನ್ನು ತರುವ ಧೈರ್ಯ ಈ ವ್ಯಾಪಾರದಲ್ಲಿದ್ದವರಿಗೆ ಬಂದಿರಬೇಕೆಂದು ನನ್ನ ಎಣಿಕೆ.

ಸಿದ್ಧಗಂಗೆಯ ಜಾತ್ರೆಯಲ್ಲಿ, ಯಡಿಯೂರಿನಲ್ಲಿ, ಗುಬ್ಬಿಯ ಚನ್ನಬಸವೇಶ್ವರ ರಥೋತ್ಸವದಲ್ಲಿ ಬತ್ತಾಸು ಬೆಂಡಿನ ಅಂಗಡಿಗಳ ಪಕ್ಕದಲ್ಲೇ ಧ್ವನಿಸುರುಳಿಯ ಅಂಗಡಿಗಳೂ ಏಳುತ್ತಿದ್ದ ದೃಶ್ಯ ಅನೇಕರ ನೆನಪಿನಲ್ಲಿರಬಹುದು. ಎತ್ತುಗಳ ವ್ಯಾಪಾರ ಮುಗಿಸಿ ಹೊರಟ ರೈತ ಒಂದು ಸುರುಳಿಯನ್ನು ಜೇಬಿಗಿಳಿಸಿಕೊಂಡು ಹೋಗುತ್ತಿದ್ದನು, ಮನೆಯಲ್ಲಿ ಟೇಪ್ ರೆಕಾರ್ಡರ್ ಇಲ್ಲದಿದ್ದರೂ ಸಹ. ನೆಂಟರ ಮನೆಯದು ಇದ್ದೇ ಇರುತ್ತಿತ್ತಲ್ಲ!

ಇಲ್ಲಿ ಕಡಲಾಚೆಯ ಒಂದು ಕಥೆಯನ್ನು ಹೇಳಬೇಕೆನಿಸುತ್ತದೆ. ಅಮೆರಿಕದ ಮೆಂಫಿಸ್ ನಗರದಲ್ಲಿ ಜಿಮ್ ಸ್ಟೂವರ್ಟ್ ಎಂಬವರು 1957ರಲ್ಲಿ ಒಂದು ಸಣ್ಣ ಧ್ವನಿಮುದ್ರಣ ಸಂಸ್ಥೆಯನ್ನು ಆರಂಭಿಸಿದರು. ಯಂತ್ರಕ್ಕೆ ಹಣವಿರಲಿಲ್ಲ. ಅಕ್ಕ ಎಸ್ಟೆಲ್ ಆಕ್ಸ್‌ಟನ್ ತಮ್ಮ ಮನೆಯನ್ನೇ ಅಡವಿಟ್ಟು ಹಣ ಹೊಂದಿಸಿದರು. ಹಳೆಯ ಸಿನಿಮಾ ಮಂದಿರವೊಂದನ್ನು ಬಾಡಿಗೆಗೆ ಹಿಡಿದು, ಹಿಂದೆ ತಿಂಡಿ ಮಾರುತ್ತಿದ್ದ ಜಾಗದಲ್ಲಿ ಅಕ್ಕ ತಟ್ಟೆಗಳ ಅಂಗಡಿ ನಡೆಸಿದರು. 1961ರಲ್ಲಿ ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ‘ಸ್ಟ್ಯಾಕ್ಸ್’ ಎಂದು ಹೆಸರಿಟ್ಟರು. ಕರಿಯರೂ ಬಿಳಿಯರೂ ಒಂದೇ ಹೋಟೆಲಿನಲ್ಲಿ ಕೂತು ಉಣ್ಣಲಾಗದಿದ್ದ ಆ ಊರಿನಲ್ಲಿ, ಆ ಮಂದಿರದೊಳಗೆ ಇಬ್ಬರೂ ಕೂಡಿ ನುಡಿಸಿದರು. ‘ಸೋಲ್’ ಎಂದು ಕರೆಯಲಾಗುವ ಕರಿಯ ಜನರ ಆ ಸಂಗೀತದ ಬೇರು ಅವರ ಚರ್ಚಿನ ಭಜನೆಗಳಲ್ಲಿದೆ. ಅವರ ಹಿರಿಯ ಗಾಯಕ ಓಟಿಸ್ ರೆಡಿಂಗ್ 1967ರ ಡಿಸೆಂಬರ್ 10ರಂದು ವಿಮಾನಾಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 26 ವರ್ಷ.

ಆ ದುಃಖ ಆರುವ ಮುನ್ನವೇ ಇನ್ನೊಂದು ಆಘಾತ ಬಂದಿತು. ಸ್ಟ್ಯಾಕ್ಸ್‌ನ ತಟ್ಟೆಗಳನ್ನು ದೇಶದಾದ್ಯಂತ ಹಂಚುತ್ತಿದ್ದುದು ಅಟ್ಲಾಂಟಿಕ್ ಎಂಬ ಸಂಸ್ಥೆ. ಅದು ಬೇರೆಯವರಿಗೆ ಮಾರಾಟವಾದಾಗ ಹಳೆಯ ಕರಾರನ್ನು ಬಿಚ್ಚಿ ಓದಿದರೆ, ಹಂಚಿದ ಮೂಲಸುರುಳಿಗಳೆಲ್ಲ ಹಂಚಿದವರಿಗೇ ಸೇರುತ್ತವೆಂಬ ಷರತ್ತು ಅದರಲ್ಲಿತ್ತು! ಜಿಮ್ ಸ್ಟೂವರ್ಟ್ ಅದನ್ನು ಗಮನವಿಟ್ಟು ಓದದೆ ರುಜು ಹಾಕಿದ್ದರು. 1968ರಲ್ಲಿ ಹೊಸದಾಗಿ ಆರಂಭಿಸಬೇಕಾಯಿತು, 1975ರ ಡಿಸೆಂಬರಿನಲ್ಲಿ ಸಂಸ್ಥೆ ದಿವಾಳಿಯೆದ್ದಿತು. 1989ರಲ್ಲಿ ಆ ಕಟ್ಟಡವನ್ನೂ ಕೆಡವಿದರು. ಅದೇ ನಿವೇಶನದಲ್ಲಿ 2003ರಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಅದೇ ಕಾಲದ ಇನ್ನೊಂದು ಸಂಸ್ಥೆ, ಡೆಟ್ರಾಯಿಟ್‌ನ ಮೋಟೌನ್, 1959ರಲ್ಲಿ ಕುಟುಂಬದ ಕೂಡುನಿಧಿಯಿಂದ ಪಡೆದ 800 ಡಾಲರ್ ಸಾಲದಿಂದ ಮೊದಲಾಗಿ 1988ರಲ್ಲಿ 6 ಕೋಟಿ 10 ಲಕ್ಷ ಡಾಲರಿಗೆ ಮಾರಾಟವಾಯಿತು. ಒಂದೇ ಬಗೆಯ ಸಂಗೀತ, ಒಂದೇ ಬಗೆಯ ಆರಂಭ. ಆದರೆ ಬೆಲೆಯೆಲ್ಲ ಮೂಲಸುರುಳಿ ಯಾರ ಕಪಾಟಿನಲ್ಲಿದೆ ಎಂಬುದರಲ್ಲಿತ್ತು.

ಈ ಪ್ರಶ್ನೆ ನಮಗೂ ದೂರದ್ದಲ್ಲ. ನಮ್ಮ ನೆರೆಯ ಹುಡುಗರು ಬಸವ ಜಯಂತಿಯ ಮೆರವಣಿಗೆಯ ಚಿತ್ರಗಳಿಗೆ ಹಳೆಯ ವಚನ ಗಾಯನವೊಂದನ್ನು ಜೋಡಿಸಿ ಯೂಟ್ಯೂಬಿನಲ್ಲಿ ಹಾಕಿದರು. ಎರಡೇ ದಿನಗಳಲ್ಲಿ, ಇದರ ಹಕ್ಕು ತಮ್ಮದೆಂದು ಒಂದು ಕಂಪನಿಯಿಂದ ತಕರಾರು ಬಂದಿತು. “ಶರಣರ ವಚನಕ್ಕೆ ಇವರು ಹೇಗೆ ಒಡೆಯರು, ಯಜಮಾನ್ರೇ?” ಎಂದು ಹುಡುಗರು ಸಿಟ್ಟಿನಿಂದ ನನ್ನಲ್ಲಿಗೆ ಬಂದರು. ಅವರ ಸಿಟ್ಟು ಸಹಜ. ಕಾನೂನು ಮಾತ್ರ ಬೇರೆ. ಹನ್ನೆರಡನೆಯ ಶತಮಾನದ ವಚನ ಎಲ್ಲರದು. ಆದರೆ ಅದಕ್ಕೆ ಇತ್ತೀಚೆಗೆ ಹಾಕಿದ ರಾಗ ಸಂಯೋಜಕರದು, ಮುದ್ರಣ ಮಾಡಿದ ಧ್ವನಿ ಅದನ್ನು ಮಾಡಿಸಿದವರದು. ನಮ್ಮ ಕೃತಿಸ್ವಾಮ್ಯ ಶಾಸನದಂತೆ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ನಡೆಯುತ್ತದೆ. ಆದುದರಿಂದ ಮೂವತ್ತರ ದಶಕದ ತಟ್ಟೆಗಳ ಮೇಲೆ ಇಂದು ಯಾರ ಧ್ವನಿಮುದ್ರಣದ ಹಕ್ಕೂ ಇಲ್ಲ. ಎಂಬತ್ತರ ದಶಕದ ಸುರುಳಿಗಳ ಮೇಲೆ ಇದೆ. ಹುಡುಗರೇ ವಚನವನ್ನು ತಮ್ಮದೇ ಧಾಟಿಯಲ್ಲಿ ಹಾಡಿ ಹಾಕಿದರೆ ಕೇಳುವವರಿಲ್ಲ. ಹಾಡುವುದಕ್ಕೆ ಅವರು ನಾಚಿಕೊಂಡರೆಂಬುದು ಬೇರೆ ಮಾತು.

ಬಹುಕಾಲ ಗಾಯಕರಿಗೆ, ರಾಗ ಹಾಕಿದವರಿಗೆ ಒಂದು ಸಲದ ಸಂಭಾವನೆಯೇ ಕೊನೆಯಾಗುವುದು ರೂಢಿಯಾಗಿತ್ತು. 2012ರ ತಿದ್ದುಪಡಿಯು ಗೀತರಚನಕಾರರಿಗೂ ಸಂಗೀತ ಸಂಯೋಜಕರಿಗೂ ಗೌರವಧನದ ಪಾಲನ್ನು ಬಿಟ್ಟುಕೊಡಲಾಗದ ಹಕ್ಕನ್ನಾಗಿ ಮಾಡಿತು. ತಡವಾಗಿ ಬಂದ ನ್ಯಾಯ. ಕಂಪನಿಗಳನ್ನು ದೂರುವ ನಾವು ನಮ್ಮನ್ನೂ ನೋಡಿಕೊಳ್ಳಬೇಕು. ಖಾಲಿ ಸುರುಳಿ ಕೊಟ್ಟು, ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದು, ಅಂಗಡಿಯವನಿಂದ ‘ತುಂಬಿಸಿಕೊಂಡು’ ಬಂದವರಲ್ಲಿ ಈ ಲೇಖಕನೂ ಒಬ್ಬನು.

ಸಿ.ಡಿ. ಬಂದು, ಅದರ ಹಿಂದೆ ಎಂಪಿತ್ರೀ ಬಂದು, ಜಾತ್ರೆಯ ಆ ಅಂಗಡಿಗಳು ಕಣ್ಮರೆಯಾದವು. ಎಚ್.ಎಂ.ವಿ. ಎಂದು ನಾವು ಕರೆಯುತ್ತಿದ್ದ ಕಂಪನಿ 2000ದಲ್ಲಿ ‘ಸರೆಗಮ’ ಆಯಿತು. ಲಹರಿ ಮಾತ್ರ ಉಳಿದು, ರಿಕ್ಕಿ ಕೇಜ್ ಮತ್ತು ಸ್ಟೂವರ್ಟ್ ಕೋಪ್‌ಲ್ಯಾಂಡ್ ಅವರ ‘ಡಿವೈನ್ ಟೈಡ್ಸ್’ ಅನ್ನು ಹೊರತಂದಿತು. ಅದಕ್ಕೆ 2022ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಎಷ್ಟೋ ಸಣ್ಣ ಸಂಸ್ಥೆಗಳಿಗೆ ಆ ಭಾಗ್ಯವಿರಲಿಲ್ಲ. ಅವುಗಳ ಮೂಲಸುರುಳಿ ಹಾಳಾಗಿದ್ದರೆ, ಆ ಗಾಯನ ಉಳಿದಿರುವುದು ನಮ್ಮ ನಿಮ್ಮ ಟ್ರಂಕುಗಳಲ್ಲಿ ಮಾತ್ರ. ತೇವ ತಾಗಿದ ಸುರುಳಿಗೆ ಬೂಷ್ಟು ಹಿಡಿಯುತ್ತದೆ, ಪಟ್ಟಿಯ ಲೇಪ ಉದುರುತ್ತದೆ. ಟೇಪ್ ರೆಕಾರ್ಡರ್ ಕೆಲಸ ಮಾಡುವ ಸ್ಥಿತಿಯಲ್ಲಿರುವಾಗಲೇ ಕಂಪ್ಯೂಟರಿಗೆ ಇಳಿಸಿಕೊಂಡರೆ ಉಳಿಯುತ್ತದೆ.

ನಮ್ಮ ಟ್ರಂಕಿನಲ್ಲಿ ಹಣೆಪಟ್ಟಿಯ ಮೇಲೆ ‘ಅವ್ವ’ ಎಂದು ಶಾಯಿಯಲ್ಲಿ ಬರೆದ ಒಂದು ಸುರುಳಿಯಿತ್ತು. ಮೂಲತಃ ಅದು ಅಂಗಡಿಯಲ್ಲಿ ಕೊಂಡ ವಚನ ಗಾಯನ. ಮೇಲೆ ಮುದ್ರಿಸಬಾರದೆಂದು ಕಂಪನಿಯವರು ಮುರಿದಿದ್ದ ಅಂಚಿನ ಎಳೆಗೆ ಕಾಗದ ತುರುಕಿ, 1991ರ ಒಂದು ಸಂಜೆ ನಮ್ಮ ತಾಯಿ ಹಾಡಿದ ಬೀಸುವ ಪದವನ್ನು ನಾನು ಅದರ ಮೇಲೆ ಹಿಡಿದಿದ್ದೆ. ಮೊಮ್ಮಗ ಪೆನ್ಸಿಲು ತೂರಿಸಿ ಸಡಿಲವಾದ ಪಟ್ಟಿಯನ್ನು ಸುತ್ತಿದನು. ನೆರೆಯವರಿಂದ ತಂದ ಯಂತ್ರಕ್ಕೆ ಹಾಕಿದೆವು. ಮೊದಲು ಸರಸರ ಸದ್ದು, ಆಮೇಲೆ ಕೊಟ್ಟಿಗೆಯಲ್ಲಿ ಕರುವೊಂದರ ಕೂಗು, ಆಮೇಲೆ ಅವ್ವನ ದನಿ. “ಸಾಕು ಬಿಡಪ್ಪ, ಕರೆಂಟು ದಂಡ” ಎಂದು ಅವರು ನಗುವುದೂ ಅದರಲ್ಲಿದೆ. ಏಳು ನಿಮಿಷ ಕಳೆದ ಮೇಲೆ ಟಕ್ಕೆಂದು ಒಂದು ಸದ್ದಾಯಿತು, ಅಡಿಯಲ್ಲಿ ಅಳಿಯದೆ ಉಳಿದಿದ್ದ ಗಾಯಕರು ಅರ್ಧ ಸಾಲಿನಿಂದ ವಚನವನ್ನು ಮುಂದುವರಿಸಿದರು.