ಪಟ್ಟೆ ನೋಡಿ ಮೋಸ ಹೋಗದಿರಿ

ಮಳೆಗಾಲ ಬಂತೆಂದರೆ ಹಾವು ಕಚ್ಚಿಸಿಕೊಂಡವರು ಆಸ್ಪತ್ರೆಗೆ ಬರುವುದು ಹೆಚ್ಚು. ಕೆಲವರು ಹೊಡೆದು ಕೊಂದ ಹಾವನ್ನೂ ಚೀಲದಲ್ಲಿ ತರುತ್ತಾರೆ. ‘ಇದು ವಿಷದ್ದಾ ಡಾಕ್ಟ್ರೇ?’ ಎಂಬುದೇ ಮೊದಲ ಪ್ರಶ್ನೆ. ಎಷ್ಟೋ ಸಲ ಚೀಲದಲ್ಲಿರುವುದು ಬಡಪಾಯಿ ತೋಳದ ಹಾವು. ಇದಕ್ಕೆ ವಿಷವಿಲ್ಲ. ಮೈಮೇಲೆ ಪಟ್ಟೆಗಳಿರುವ ಕಾರಣ ಜನ ಇದನ್ನು ಕಟ್ಟು ಹಾವು, ಅಂದರೆ ಕಡಂಬಳ, ಎಂದು ತಿಳಿದು ಕೊಲ್ಲುತ್ತಾರೆ. ಕಟ್ಟು ಹಾವನ್ನೇ ತೋಳದ ಹಾವೆಂದು ನಂಬಿ ಸುಮ್ಮನಿರುವುದು ಇದಕ್ಕಿಂತ ದೊಡ್ಡ ತಪ್ಪು.

ವ್ಯತ್ಯಾಸವೇನು?

ತೋಳದ ಹಾವು ಸಾಮಾನ್ಯವಾಗಿ ಕಂದು ಬಣ್ಣದ್ದು, ತಲೆ ಚಪ್ಪಟೆ. ಬಿಳಿ ಅಥವಾ ಹಳದಿ ಮಿಶ್ರಿತ ಪಟ್ಟೆಗಳು ಕತ್ತಿನ ಬಳಿಯೇ ಆರಂಭವಾಗಿ ಬಾಲದ ಕಡೆಗೆ ಮಾಸುತ್ತವೆ. ಹಲ್ಲಿ ಹಿಡಿಯಲು ಗೋಡೆಯನ್ನೂ ಏರುತ್ತದೆ.

ಕಟ್ಟು ಹಾವು ಹೊಳೆಯುವ ಕಪ್ಪು ಅಥವಾ ನೀಲಿಗಪ್ಪು. ತೆಳುವಾದ ಬಿಳಿ ಪಟ್ಟೆಗಳು ಹೆಚ್ಚಾಗಿ ಜೋಡಿಯಾಗಿದ್ದು, ಕತ್ತಿನಿಂದ ತುಸು ದೂರದಲ್ಲಿ ಆರಂಭವಾಗಿ ಬಾಲದ ಕಡೆಗೆ ಸ್ಪಷ್ಟವಾಗುತ್ತವೆ. ಬೆನ್ನಿನ ನಡುಸಾಲಿನ ಹುರುಪೆಗಳು ಆರು ಮೂಲೆಯವು, ಉಳಿದವಕ್ಕಿಂತ ದೊಡ್ಡವು.

ಈ ತಿಳಿವಳಿಕೆ ನಿರುಪದ್ರವಿ ಹಾವಿನ ಪ್ರಾಣ ಉಳಿಸಲು ಸಾಕು. ಆದರೆ ಕಚ್ಚಿದ ಮೇಲೆ ಇದನ್ನು ನಂಬಿ ಕೂರಬೇಡಿ. ರಾತ್ರಿ ಟಾರ್ಚ್ ಬೆಳಕಿನಲ್ಲಿ ಪಟ್ಟೆ ಎಲ್ಲಿಂದ ಆರಂಭವಾಯಿತೆಂದು ಯಾರು ನೋಡಿಯಾರು?

ನೆಲದ ಮೇಲೆ ಮಲಗಿದ್ದ ಯುವಕನೊಬ್ಬನನ್ನು ಒಮ್ಮೆ ಬೆಳಗಿನ ಜಾವ ಹೊಟ್ಟೆನೋವೆಂದು ಕರೆತಂದರು. ರಾತ್ರಿ ಹಾಸಿಗೆಯ ಬಳಿ ಪಟ್ಟೆಯ ಹಾವು ಕಂಡಿತ್ತು. ‘ವಿಷದ್ದಲ್ಲ’ ಎಂದು ಮನೆಯವರು ಓಡಿಸಿ ಮಲಗಿದ್ದರು. ಊತವಿಲ್ಲ, ಗಾಯದ ಗುರುತೂ ಇಲ್ಲ. ಆದರೆ ಕಣ್ಣುರೆಪ್ಪೆಗಳು ಜೋತುಬಿದ್ದಿದ್ದವು. ದೊಡ್ಡ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲಿದ್ದು ಆತ ಬದುಕಿದ. ಕಟ್ಟು ಹಾವಿನ ಕಡಿತವೇ ಹಾಗೆ: ನೋವು ಅತ್ಯಲ್ಪ. ಹೊಟ್ಟೆನೋವು, ನುಂಗಲು ಕಷ್ಟ, ಮಾತು ತೊದಲುವುದು, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ.

ಏನು ಮಾಡಬೇಕು?

* ಹಾವನ್ನು ಹುಡುಕುತ್ತ ಹೊತ್ತು ಕಳೆಯಬೇಡಿ.
* ಗಾಯ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಬೇಡ.
* ಉಂಗುರ, ಬಳೆ ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ದಬ್ಬೆ ಕಟ್ಟಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಮ್ಮಲ್ಲಿ ಬಳಸುವ ಪ್ರತಿವಿಷ ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ವೈದ್ಯರು ರೋಗಲಕ್ಷಣ ನೋಡಿ ಅದನ್ನು ಕೊಡುತ್ತಾರೆ. ಸತ್ತ ಹಾವು ಬೇಕಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ.

ನೆಲದಲ್ಲಿ ಮಲಗುವವರು ಸೊಳ್ಳೆಪರದೆಯ ಅಂಚನ್ನು ಚಾಪೆಯಡಿಗೆ ಸಿಕ್ಕಿಸಿ ಮಲಗಿ. ತೋಳದ ಹಾವು ಕಂಡರೆ ಹೊಡೆಯಬೇಡಿ, ಮುಟ್ಟಲೂ ಬೇಡಿ. ಯಾವ ಹಾವು ಕಚ್ಚಿದರೂ ಆಸ್ಪತ್ರೆಗೆ ಹೋಗಿ. ವಿಷವಿಲ್ಲ ಎಂಬ ಮಾತು ವೈದ್ಯರ ಬಾಯಿಂದ ಬರಲಿ.