ಹಾಲಿನ ಬಾಟಲಿಗೆ ಕುದಿನೀರು ಬೇಡ

ನಡುರಾತ್ರಿ ಮಗು ಹಸಿದು ಅಳುತ್ತದೆ. ನಿದ್ದೆಗಣ್ಣಿನಲ್ಲೇ ಎದ್ದ ತಾಯಿ ಫ್ಲಾಸ್ಕಿನ ಬಿಸಿನೀರನ್ನು ಪ್ಲಾಸ್ಟಿಕ್ ಬಾಟಲಿಗೆ ಸುರಿದು, ಹಾಲಿನ ಪುಡಿ ಹಾಕಿ, ಚೆನ್ನಾಗಿ ಕುಲುಕಿ, ಆರಿಸಿ ಕುಡಿಸುತ್ತಾಳೆ. ಅನೇಕ ಮನೆಗಳಲ್ಲಿ ನಡೆಯುವುದು ಹೀಗೆಯೇ. ಬಿಸಿನೀರು ಬೇಕಾದದ್ದೇ, ತಕರಾರಿರುವುದು ಅದನ್ನು ಸುರಿದ ಬಾಟಲಿಯದು.

ಹಿಂದೆ ಈ ಬಾಟಲಿಗಳನ್ನು ಗಾಜಿನಂತೆ ತಿಳಿಯಾಗಿ ಕಾಣುವ ಪಾಲಿಕಾರ್ಬೊನೇಟ್‌ನಿಂದ ಮಾಡುತ್ತಿದ್ದರು. ಬಿಸಿ ತಗುಲಿದಾಗ ಅದರಿಂದ ಬಿಸ್‌ಫಿನಾಲ್-ಎ ಎಂಬ ರಾಸಾಯನಿಕ ಹಾಲಿಗೆ ಇಳಿಯುತ್ತದೆ. ದೇಹದಲ್ಲಿ ಅದು ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸಬಲ್ಲದು. ಐರೋಪ್ಯ ಒಕ್ಕೂಟ 2011ರಲ್ಲಿ ಇಂಥ ಬಾಟಲಿಗಳನ್ನು ನಿಷೇಧಿಸಿತು. ನಮ್ಮಲ್ಲಿಯೂ 2015ರ ಐಎಸ್‌ಐ ಮಾನದಂಡ ಈ ರಾಸಾಯನಿಕ ಇರಕೂಡದೆಂದಿತು. ಆದ್ದರಿಂದ ಅಟ್ಟದಲ್ಲಿ ಜೋಪಾನವಾಗಿಟ್ಟ ಹಳೆಯ ಬಾಟಲಿಯನ್ನು ಹೊಸ ಕೂಸಿಗೆ ಇಳಿಸುವುದು ಉಳಿತಾಯವಲ್ಲ.

ಈಗ ಬರುವ ಮಬ್ಬು ಬಿಳುಪಿನ ಬಾಟಲಿಗಳು ಹೆಚ್ಚಾಗಿ ಪಾಲಿಪ್ರೊಪಿಲಿನ್‌ನವು; ತಳದ ತ್ರಿಕೋನದಲ್ಲಿ 5 ಎಂದಿರುತ್ತದೆ. ಇವುಗಳಲ್ಲಿ ಬಿಸ್‌ಫಿನಾಲ್ ಕಾಟವಿಲ್ಲ. ಆದರೆ 2020ರಲ್ಲಿ ಐರ್ಲೆಂಡಿನ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರು ಕಂಡದ್ದು ಬೇರೆ ಸಂಗತಿ. 25 ಡಿಗ್ರಿ ಸೆಲ್ಸಿಯಸ್ ನೀರು ಹಾಕಿದಾಗ ಲೀಟರಿಗೆ ಸುಮಾರು 6 ಲಕ್ಷ ಪ್ಲಾಸ್ಟಿಕ್ ಕಣಗಳು ಬಿಟ್ಟುಕೊಂಡರೆ, 95 ಡಿಗ್ರಿಯಲ್ಲಿ ಸುಮಾರು 5.5 ಕೋಟಿ! ಕುಲುಕಿದರೂ ಕಣಗಳು ಹೆಚ್ಚುತ್ತವೆ. ಕಣ್ಣಿಗೆ ಕಾಣದ ಈ ಕಣಗಳು ಮಗುವಿಗೆ ಎಷ್ಟು ಹಾನಿ ಮಾಡುತ್ತವೆಂಬುದು ಇನ್ನೂ ಖಚಿತವಾಗಿಲ್ಲ. ಗಾಬರಿ ಬೇಡ, ಎಚ್ಚರ ಸಾಕು.

ಹಾಗೆಂದು ಪುಡಿಯನ್ನು ತಣ್ಣೀರಿನಲ್ಲಿ ಕದಡಬೇಡಿ. ಇದು ಪ್ಲಾಸ್ಟಿಕ್‌ಗಿಂತ ದೊಡ್ಡ ಅಪಾಯ. ಡಬ್ಬಿಯ ಹಾಲಿನ ಪುಡಿ ಪೂರ್ತಿ ಕ್ರಿಮಿರಹಿತವಲ್ಲ. ಅದರಲ್ಲಿ ಅಪರೂಪಕ್ಕೆ ಇರುವ ಕ್ರೋನೋಬ್ಯಾಕ್ಟರ್ ಎಂಬ ರೋಗಾಣು ಎಳೆಗೂಸಿನ ಮೆದುಳುಪೊರೆಗೆ ಸೋಂಕು ತರಬಲ್ಲದು. ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ.

ಎರಡಕ್ಕೂ ಪರಿಹಾರ ಅಡುಗೆಮನೆಯಲ್ಲೇ ಇದೆ. ಕುದಿಸಿ ಶುಚಿಮಾಡಿದ ಸ್ಟೀಲ್ ಲೋಟದಲ್ಲಿ ಬಿಸಿನೀರಿಗೆ ಪುಡಿ ಹಾಕಿ, ಚಮಚದಿಂದ ಕದಡಿ, ಮುಚ್ಚಿಡಿ. ಲೋಟವನ್ನು ತಣ್ಣೀರಿನ ಬಟ್ಟಲಿನಲ್ಲಿಟ್ಟರೆ ಬೇಗ ಆರುತ್ತದೆ. ಉಗುರುಬೆಚ್ಚಗಾದ ಮೇಲೆ ಬಾಟಲಿಗೆ ಹಾಕಿ. ಬಾಟಲಿಯನ್ನು ಕುದಿಸುವ ಕ್ರಮವನ್ನು ಮಾತ್ರ ಬಿಡಬೇಡಿ. ಕುದಿಸಿದ ನಂತರ, ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ ಆರಿಸಿದ ನೀರಿನಿಂದ ಮೂರು ಬಾರಿ ಗಲಬರಿಸಿ ಚೆಲ್ಲಿ. ಬಾಟಲಿಯನ್ನು ಮೈಕ್ರೊವೇವ್ ಒಲೆಯಲ್ಲಿಡುವುದಂತೂ ಬೇಡವೇ ಬೇಡ. ಹೊರಗೆ ಬೆಚ್ಚಗಿದ್ದರೂ ಒಳಗಿನ ಹಾಲು ಬಾಯಿ ಸುಡಬಹುದು.

ಆರು ತಿಂಗಳವರೆಗೆ ಎದೆಹಾಲೊಂದೇ ಸಾಕಾಗುವ ಕೂಸಿಗೆ ಈ ಯಾವ ತಾಪತ್ರಯವೂ ಇಲ್ಲ. ಮೇಲುಹಾಲು ಅನಿವಾರ್ಯವಾದರೆ ಅಜ್ಜಿಯ ಒಳಲೆಯನ್ನು ಹೊರತೆಗೆಯಬಹುದು. ಬೆಳ್ಳಿಯದಾದರೂ ಸರಿ, ಸ್ಟೀಲಿನದಾದರೂ ಸರಿ, ಬಿಸಿಗೆ ಹೆದರುವುದಿಲ್ಲ. ಕೊಳೆ ಕೂರಲು ಸಂದುಗೊಂದಿಯೂ ಇಲ್ಲ. ಕೂಸನ್ನು ತೊಡೆಯ ಮೇಲೆ ತಲೆ ಎತ್ತರಿಸಿ ಕೂರಿಸಿಕೊಂಡು, ಅವಸರಿಸದೆ ಗುಟುಕು ಗುಟುಕಾಗಿ ಕುಡಿಸಬೇಕು.