ಹಳೇ ಪದ್ಮಿನಿಗೆ ಹೊಸ ಸೀಟು: ಮನೆಯಲ್ಲೇ ಎಷ್ಟು ಮಾಡಬಹುದು, ಎಲ್ಲಿ ನಿಲ್ಲಿಸಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಹಳೇ ಕಾರು ಅಂದ ತಕ್ಷಣ ಎಲ್ಲರೂ ಎಂಜಿನ್ ಬಗ್ಗೆ, ಪೇಂಟ್ ಬಗ್ಗೆ ಮಾತಾಡ್ತಾರೆ. ಆದರೆ ಕಾರಿನೊಳಗೆ ಕೂರುವ ಮನುಷ್ಯನಿಗೆ ಮೊದಲು ತಾಗೋದು ಸೀಟು. ಅದು ಹಾಳಾದ್ರೆ ಎಂಜಿನ್ ಎಷ್ಟೇ ಚೆನ್ನಾಗಿದ್ರೂ ಮನೆಯವರು ಹತ್ತಲ್ಲ. ಹತ್ತದ ಕಾರು ಶೆಡ್ಡಲ್ಲಿ ನಿಲ್ಲುತ್ತೆ, ನಿಂತ ಕಾರು ಕೊನೆಗೆ ಗುಜರಿಗೆ ಹೋಗುತ್ತೆ.

ನಮ್ಮನೆಯ ಪ್ರೀಮಿಯರ್ ಪದ್ಮಿನಿ ಕಥೆಯೂ ಅಲ್ಲಿಗೇ ಬಂದು ನಿಂತಿತ್ತು. 1986ರ ಮಾಡೆಲ್. ಗುಜರಿಯವರು ಬಂದು ರೇಟು ಹೇಳಿ ಹೋಗಿದ್ರು. ಅಮ್ಮನ ಮಾತು ಒಂದೇ: "ಅದ್ರಲ್ಲಿ ಕೂತ್ರೆ ಸ್ಪ್ರಿಂಗ್ ಚುಚ್ಚುತ್ತೆ ಕಣೋ, ವಾಸನೆ ಬೇರೆ. ನಾನಂತೂ ಬರಲ್ಲ." ಅಪ್ಪ ಏನೂ ಹೇಳ್ಲಿಲ್ಲ, ಆದ್ರೆ ಕೀಲಿಯನ್ನೂ ಕೊಡ್ಲಿಲ್ಲ. ಅಂಗಡಿಯಲ್ಲಿ ಪೂರ್ತಿ ಒಳಾಂಗಣಕ್ಕೆ ಕೇಳಿದ್ದು 28,000 ರೂಪಾಯಿ. ನಾನು ಬಿ.ಕಾಂ. ಓದಿದವನು, ಮೊದಲು ಲೆಕ್ಕ ಹಾಕಿದೆ, ಆಮೇಲೆ ಸ್ಪ್ಯಾನರ್ ಹಿಡಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಫಿಯೆಟ್ 1100 ಕಾರೇ ಇಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕೈಯಲ್ಲಿ, ಮುಂಬೈನ ಕುರ್ಲಾದಲ್ಲಿ ತಯಾರಾಯ್ತು. 'ಪದ್ಮಿನಿ' ಅನ್ನೋ ಹೆಸರು ಬಂದಿದ್ದು 1974ರಲ್ಲಿ. ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಅದರ ಓಟ ಮುಗಿದದ್ದು 2023ರ ಅಕ್ಟೋಬರ್‌ನಲ್ಲಿ. ಗೇರು ಸ್ಟೀರಿಂಗ್ ಪಕ್ಕ ಇದ್ದಿದ್ದರಿಂದ ಮುಂದೆ ಬೆಂಚಿನ ಥರ ಉದ್ದನೆಯ ಒಂದೇ ಸೀಟು, ಮೂರು ಜನ ಕೂರಬಹುದಿತ್ತು.

ಸೀಟಿನೊಳಗೆ ಏನಿರುತ್ತೆ?

ಕೆಳಗಿನಿಂದ ಮೇಲಕ್ಕೆ ಎಣಿಸಿ: ಕಬ್ಬಿಣದ ಫ್ರೇಮು, ಅದರ ಮೇಲೆ ಸ್ಪ್ರಿಂಗು, ಸ್ಪ್ರಿಂಗಿನ ಮೇಲೆ ಗೋಣಿಬಟ್ಟೆ, ಅದರ ಮೇಲೆ ನಾರು ಅಥವಾ ಹತ್ತಿ ಅಥವಾ ಫೋಮು, ಎಲ್ಲದರ ಮೇಲೆ ರೆಕ್ಸಿನ್ ಹೊದಿಕೆ. ರೆಕ್ಸಿನ್ ಅನ್ನೋದು ಮೂಲದಲ್ಲಿ ಇಂಗ್ಲೆಂಡಿನ ಒಂದು ಕಂಪನಿಯ ಬ್ರ್ಯಾಂಡ್ ಹೆಸರು. ಈಗ ನಾವು ಆ ಹೆಸರಲ್ಲಿ ಕೊಳ್ಳೋದು ಪಿವಿಸಿ ಲೇಪಿಸಿದ ಬಟ್ಟೆ.

ಸೀಟು ಕುಸಿಯೋದಕ್ಕೆ ಕಾರಣ ಸಾಮಾನ್ಯವಾಗಿ ರೆಕ್ಸಿನ್ ಅಲ್ಲ. ಗೋಣಿಬಟ್ಟೆ ಹರಿದು, ಫೋಮು ಸ್ಪ್ರಿಂಗಿನ ಸಂದಿಗೆ ಇಳಿದು ಪುಡಿಯಾಗಿರುತ್ತೆ. ಅದಕ್ಕೇ ಮೇಲಿಂದ ಹೊಸ ಸೀಟ್ ಕವರ್ ಹಾಕಿದ್ರೆ ಪ್ರಯೋಜನ ಇಲ್ಲ. ಮುರಿದ ಮಂಚಕ್ಕೆ ಹೊಸ ಬೆಡ್‌ಶೀಟ್ ಹಾಸಿದ ಹಾಗೆ.

ಬಿಚ್ಚುವಾಗಲೇ ಅರ್ಧ ಕೆಲಸ

ಬೋಲ್ಟುಗಳು ತುಕ್ಕು ಹಿಡಿದಿರ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಆಯಿಲ್ ಹೊಡೆದು ಬಿಡಿ. ಪ್ರತಿ ಹಂತದಲ್ಲೂ ಫೋನಲ್ಲಿ ಫೋಟೋ ತೆಗೀರಿ. ಬೋಲ್ಟ್, ಕ್ಲಿಪ್ಪುಗಳನ್ನ ಬೇರೆ ಬೇರೆ ಕವರಿಗೆ ಹಾಕಿ ಹೆಸರು ಬರೀರಿ.

ಸೀಟು ಆಚೆ ಬಂದ ಮೇಲೆ ಒಂದು ನಿಮಿಷ ಸೀಟು ಮರೆತು ನೆಲ ನೋಡಿ. ಇದು ಅಂದದ ವಿಷಯ ಅಲ್ಲ, ಪ್ರಾಣದ ವಿಷಯ. ಸೀಟನ್ನ ಹಿಡಿದಿಟ್ಟುಕೊಂಡಿರೋದು ಆ ನೆಲದ ತಗಡು. ಮ್ಯಾಟ್ ಎತ್ತಿ, ಬೋಲ್ಟ್ ಕೂರುವ ಜಾಗದ ಸುತ್ತ ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಒಳಗಿಳಿದ್ರೆ ಅಥವಾ ಪದರ ಎದ್ದು ಬಂದ್ರೆ ಅಲ್ಲಿಗೆ ನಿಲ್ಲಿಸಿ, ಮೊದಲು ಟಿಂಕರಿಂಗ್ ಆಗಲಿ. ತುಕ್ಕು ತಿಂದ ತಗಡಿನ ಮೇಲೆ ಎಷ್ಟೇ ಒಳ್ಳೆ ಸೀಟು ಕೂರಿಸಿದ್ರೂ, ಕಾರು ಗುದ್ದಿದ ದಿನ ಅದು ಜನರ ಸಮೇತ ಮುಂದಕ್ಕೆ ಬರುತ್ತೆ. ಸೀಟ್ ಬೆಲ್ಟ್ ಬಿಗಿದಿರೋ ಜಾಗಕ್ಕೂ ಇದೇ ಪರೀಕ್ಷೆ.

ವಾಸನೆಗೆ ಕಾರಣವೂ ಇಲ್ಲೇ ಸಿಗುತ್ತೆ. ಬಾಗಿಲಿನ ಬೀಡಿಂಗ್, ಗಾಜಿನ ಸುತ್ತಲಿನ ರಬ್ಬರ್ ಸೀಳಿ ಮಳೆನೀರು ಒಳಗೆ ಬರ್ತಿರುತ್ತೆ. ಒಬ್ಬರು ಒಳಗೆ ಕೂತು, ಇನ್ನೊಬ್ಬರು ಹೊರಗಿಂದ ಪೈಪಲ್ಲಿ ನೀರು ಬಿಟ್ರೆ ಜಾಗ ಗೊತ್ತಾಗುತ್ತೆ. ಸೋರಿಕೆ ನಿಲ್ಲಿಸದೆ ಹೊಸ ಫೋಮ್ ಹಾಕಿದ್ರೆ ಒಂದೇ ಮಳೆಗಾಲದಲ್ಲಿ ಅದೇ ವಾಸನೆ ಮತ್ತೆ ಬರುತ್ತೆ.

ಹಳೇ ಕವರ್ ಎಸೀಬೇಡಿ

ರೆಕ್ಸಿನ್ ಕವರನ್ನ ಫ್ರೇಮಿಗೆ ಹಿಡಿದಿರೋದು 'ಸಿ' ಆಕಾರದ ತಂತಿ ರಿಂಗುಗಳು. ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿ, ಕವರನ್ನ ಹುಷಾರಾಗಿ ಬಿಡಿಸಿ. ಎಷ್ಟೇ ಹರಿದಿರಲಿ, ನಿಮ್ಮ ಹೊಸ ಕವರಿಗೆ ಅದೇ ಅಳತೆ.

ಹೊಲಿಗೆ ಬಿಚ್ಚುವ ಮೊದಲು ಪ್ರತಿ ತುಂಡಿಗೂ ನಂಬರ್ ಹಾಕಿ, ಮುಂದಿನ ದಿಕ್ಕಿಗೆ ಬಾಣದ ಗುರುತು ಹಾಕಿ. ಎರಡು ತುಂಡು ಸೇರೋ ಕಡೆ ಹೊಲಿಗೆಗೆ ಅಡ್ಡಲಾಗಿ ಅಲ್ಲಲ್ಲಿ ಗೆರೆ ಎಳೀರಿ. ಹೊಸದನ್ನ ಹೊಲಿಯುವಾಗ ಗೆರೆಗೆ ಗೆರೆ ಕೂಡಿಸಿದ್ರೆ ಆಯ್ತು. ಆಮೇಲೆ ತುಂಡುಗಳನ್ನ ಬ್ರೌನ್ ಪೇಪರ್ ಮೇಲಿಟ್ಟು ಗೆರೆ ಎಳೀಬೇಕು. ಇಲ್ಲೊಂದು ಸೂಕ್ಷ್ಮ ಇದೆ: ವರ್ಷಗಟ್ಟಲೆ ಕೂತು ಕೂತು ಮಧ್ಯದ ತುಂಡು ಹಿಗ್ಗಿರುತ್ತೆ, ಅಂಚು ಹರಿದಿರುತ್ತೆ. ಆದ್ದರಿಂದ ಅಂಚನ್ನ ನಂಬದೆ ಹಳೇ ಹೊಲಿಗೆ ತೂತುಗಳ ಸಾಲನ್ನೇ ಗುರುತು ಮಾಡಿ, ಹೊರಗೆ ಅರ್ಧ ಇಂಚು ಹೊಲಿಗೆ ಅಂಚು ಬಿಡಿ. ಎಡ-ಬಲ ಒಂದೇ ಥರದ ತುಂಡಾದ್ರೆ ಕಡಿಮೆ ಹಿಗ್ಗಿದ ಪಕ್ಕವನ್ನ ಅಳತೆಗೆ ತಗೊಳ್ಳಿ.

ಸ್ಪ್ರಿಂಗು, ಫೋಮು

ಫ್ರೇಮನ್ನ ವೈರ್ ಬ್ರಶ್‌ನಿಂದ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಮೇಲೊಂದು ಕೋಟ್ ಪೇಂಟ್ ಮಾಡಿ. ಕೊಕ್ಕೆಯಿಂದ ಕಳಚಿದ ಸ್ಪ್ರಿಂಗುಗಳನ್ನ ವಾಪಸ್ ಕೂರಿಸಿ. ಮುರಿದಿದ್ರೆ ಬದಲಿಸಬೇಕು, ತಂತಿ ಸುತ್ತಿ ಸುಮ್ಮನಾಗಬಾರದು. ಮೇಲೆ ಹೊಸ ಗೋಣಿಬಟ್ಟೆಯನ್ನ ಬಿಗಿಯಾಗಿ ಎಳೆದು ಕಟ್ಟಿ.

ಫೋಮ್ ಅಂಗಡಿಯಲ್ಲಿ 'ಡೆನ್ಸಿಟಿ' ಕೇಳ್ತಾರೆ. ಅದು ಒಂದು ಘನ ಮೀಟರ್ ಫೋಮಿನ ತೂಕ, ಕಿಲೋಗಳಲ್ಲಿ. ಕೂರುವ ಕಡೆಗೆ 40, ಒರಗುವ ಕಡೆಗೆ 32 ಆದ್ರೆ ಸರಿಹೋಗುತ್ತೆ. ಡೆನ್ಸಿಟಿ ಜಾಸ್ತಿ ಅಂದ್ರೆ ಗಟ್ಟಿ ಅಂತಲ್ಲ, ಬಾಳಿಕೆ ಜಾಸ್ತಿ ಅಂತ. ಮೆದುವೋ ಗಟ್ಟಿಯೋ ಅನ್ನೋದನ್ನ ಕೂತು ನೋಡಿಯೇ ತಗೊಳ್ಳಿ. ಅಂಟು ಹಾಕುವಾಗ ಗಾಳಿ ಆಡೋ ಜಾಗ ಇರಲಿ, ಹತ್ತಿರ ಬೆಂಕಿ, ಸಿಗರೇಟು ಬೇಡ. ಆ ಅಂಟಿನ ಆವಿ ಬೇಗ ಹೊತ್ತಿಕೊಳ್ಳುತ್ತೆ.

ಹೊಲಿಗೆ ಯಾರು ಹಾಕಬೇಕು?

ಮನೆಯ ಕಪ್ಪು ಹೊಲಿಗೆ ಮೆಷಿನ್ನಿಗೆ 18ನೇ ನಂಬರ್ ಸೂಜಿ ಹಾಕಿದ್ರೆ ಎರಡು ಪದರ ರೆಕ್ಸಿನ್ ಹೊಲಿಯುತ್ತೆ. ಪೈಪಿಂಗ್ ಸೇರಿ ನಾಲ್ಕು ಪದರ ಆದ ಕಡೆ ಒದ್ದಾಡುತ್ತೆ. ಹಾಗಾಗಿ ನನ್ನ ಸಲಹೆ: ಅಳತೆ, ಕಟಿಂಗ್, ಫೋಮು, ಫಿಟ್ಟಿಂಗ್ ನೀವು ಮಾಡಿ. ಹೊಲಿಗೆಯನ್ನ ಬೈಕ್ ಸೀಟು ಅಥವಾ ಬ್ಯಾಗ್ ಹೊಲಿಯುವವರಿಗೆ ಕೊಡಿ.

ಯಾರೇ ಹೊಲಿಯಲಿ, ಮೂರು ವಿಷಯ ಹೇಳಿಬಿಡಿ. ಒಂದು, ದಾರ ನೈಲಾನ್ ಅಥವಾ ಪಾಲಿಯೆಸ್ಟರ್ ಇರಲಿ, ಹತ್ತಿ ದಾರ ತೇವಕ್ಕೆ ಕೊಳೆಯುತ್ತೆ. ಎರಡು, ಹೊಲಿಗೆ ಸುಮಾರು 4 ಮಿ.ಮೀ. ಉದ್ದ ಇರಲಿ. ತೀರಾ ಒತ್ತೊತ್ತಾಗಿ ಹಾಕಿದ್ರೆ ರೆಕ್ಸಿನ್ ಅಂಚೆಚೀಟಿಯ ಥರ ಆ ಸಾಲಲ್ಲೇ ಹರಿಯುತ್ತೆ. ಮೂರು, ಗುಂಡುಪಿನ್ನು ಬೇಡ, ಕ್ಲಿಪ್ ಹಾಕಿ. ರೆಕ್ಸಿನ್ನಿಗೆ ಬಿದ್ದ ತೂತು ಮುಚ್ಚಲ್ಲ.

ಫಿಟ್ ಮಾಡೋ ದಿನ ಕವರನ್ನ ಅರ್ಧ ಗಂಟೆ ಬಿಸಿಲಲ್ಲಿಡಿ, ಮೆತ್ತಗಾಗುತ್ತೆ. ಫೋಮಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಕಿದ್ರೆ ಕವರ್ ಸಲೀಸಾಗಿ ಜಾರುತ್ತೆ. ಮಧ್ಯದಿಂದ ಶುರು ಮಾಡಿ, ಎರಡೂ ಕಡೆಗೆ ಸಮನಾಗಿ ಎಳೀತಾ ರಿಂಗ್ ಹಾಕಿ. ಮೂಲೆಗಳು ಕೊನೆಗೆ.

ಬಾಗಿಲು ಮತ್ತು ಚಾವಣಿ

ಬಾಗಿಲಿನ ಒಳಗಿನ ಹಲಗೆ ಹಾರ್ಡ್‌ಬೋರ್ಡು. ಒದ್ದೆಯಾದ್ರೆ ಉಬ್ಬುತ್ತೆ. ಹಳೇದನ್ನ ಇಟ್ಟು ಗುರುತು ಮಾಡಿ 3 ಮಿ.ಮೀ. ಹೊಸ ಹಾರ್ಡ್‌ಬೋರ್ಡ್ ಕತ್ತರಿಸಿ, ಹಿಂಭಾಗಕ್ಕೆ ವಾರ್ನಿಷ್ ಹೊಡೀರಿ. ಹಲಗೆ ಮತ್ತು ಬಾಗಿಲಿನ ಮಧ್ಯೆ ಪ್ಲಾಸ್ಟಿಕ್ ಹಾಳೆ ತಪ್ಪದೇ ಇರಲಿ. ಗಾಜಿನಿಂದ ಇಳಿಯುವ ನೀರು ಬಾಗಿಲೊಳಗೆ ಬಂದೇ ಬರುತ್ತೆ, ತಡೆಯೋದು ಆ ಹಾಳೆ.

ರೂಫ್ ಲೈನಿಂಗ್ ಮಾತ್ರ ಗೊತ್ತಿರುವವರಿಗೆ ಬಿಡಿ. ಅಂಚುಗಳು ಗಾಜಿನ ರಬ್ಬರಿನೊಳಗೆ ಹೋಗಿರೋದರಿಂದ ಗಾಜು ತೆಗೀಬೇಕಾಗಬಹುದು. ಹಳೇ ಗಾಜು ಒಡೆದ್ರೆ ಅದೇ ಅಳತೆಯದ್ದು ಹುಡುಕೋದು ಸುಲಭ ಅಲ್ಲ.

ಲೆಕ್ಕ ಮತ್ತು ಕಾನೂನು

ಲೆಕ್ಕ ಹೀಗಿದೆ. ರೆಕ್ಸಿನ್ ಎಂಟು ಮೀಟರ್ 2,800, ಫೋಮ್ 4,500, ಹಾರ್ಡ್‌ಬೋರ್ಡ್ 600, ಅಂಟು-ದಾರ-ರಿಂಗ್-ಪೇಂಟ್ 1,900, ಹೊಲಿಗೆ ಕೂಲಿ 2,500. ಒಟ್ಟು 12,300 ರೂಪಾಯಿ, ಜೊತೆಗೆ ನನ್ನ ಆರು ಭಾನುವಾರ. ನಿಮ್ಮ ಭಾನುವಾರಕ್ಕೂ ಬೆಲೆ ಕಟ್ಟಿದ್ರೆ ಅಂಗಡಿಯೇ ಅಗ್ಗ ಅನ್ನಿಸಬಹುದು. ಅದು ಪ್ರಾಮಾಣಿಕ ಉತ್ತರ. ಆದರೆ ಕವರಿನ ಕೆಳಗೆ ಯಾವ ಫೋಮ್ ಇದೆ, ನೆಲ ಗಟ್ಟಿ ಇದೆಯಾ ಅನ್ನೋದು ಈಗ ನನಗೆ ಕಣ್ಣಾರೆ ಗೊತ್ತು.

ಬಕೆಟ್ ಸೀಟ್ ಹಾಕಿಸಲಾ ಅಂತ ಕೇಳೋರಿಗೆ ಒಂದು ಮಾತು. ಕೇಂದ್ರ ಸರ್ಕಾರದ 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ 'ವಿಂಟೇಜ್' ನೋಂದಣಿ ಸಿಗುತ್ತೆ. ಷಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ರೆಕ್ಸಿನ್ ಬದಲಿಸಿದ್ರೆ ತೊಂದರೆ ಇಲ್ಲ, ಆದರೆ ಬೇರೆ ಸೀಟಿಗಾಗಿ ನೆಲ ಕೊರೆದು ವೆಲ್ಡ್ ಮಾಡುವ ಮೊದಲು ಎರಡು ಸಲ ಯೋಚಿಸಿ. ನಮ್ಮ ಪದ್ಮಿನಿಗೆ 50 ತುಂಬೋದು 2036ರಲ್ಲಿ. ಅಲ್ಲಿವರೆಗೂ ಬೆಂಚ್ ಸೀಟು ಬೆಂಚ್ ಸೀಟಾಗೇ ಇರುತ್ತೆ.

ಹೋದ ವಾರ ಅಮ್ಮ ಅದರಲ್ಲೇ ಸಿದ್ಧಗಂಗೆಗೆ ಹೋಗಿ ಬಂದ್ರು. "ಪರ್ವಾಗಿಲ್ಲ" ಅಂದ್ರು. ಅಮ್ಮನ ಬಾಯಲ್ಲಿ ಅದು ಫಸ್ಟ್ ಕ್ಲಾಸು.

ನಿಮ್ಮ ಮನೆ ಶೆಡ್ಡಲ್ಲೂ ಒಂದು ಅಂಬಾಸಿಡರ್ರೋ, ಮಾರುತಿ 800ಓ ನಿಂತಿದ್ರೆ ಈ ಭಾನುವಾರ ಮ್ಯಾಟ್ ಎತ್ತಿ ನೆಲ ನೋಡಿ. ಮುಂದಿನ ಸಂಚಿಕೆಯಲ್ಲಿ ಹಳೇ ಕಾರಿನ ಇನ್ಶೂರೆನ್ಸ್ ಬಗ್ಗೆ ಮಾತಾಡೋಣ. ಸಿಗ್ತೀನಿ.